ಅಂಕಿಅಂಶವನ್ನು ಅಂಗಡಿಗೆ ಕೊಡಬೇಡಿ

ಕೆಲವು ತಿಂಗಳ ಹಿಂದೆ ಒಂದು ಸಂಜೆ ತಾಯಿ ಮಗಳು ಇಬ್ಬರೂ ನನ್ನನ್ನು ಕಾಣಲು ಬಂದರು. ಮಗಳಿಗೆ ಇಪ್ಪತ್ಮೂರು ವರ್ಷ. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ., ಕೊನೆಯ ಸೆಮಿಸ್ಟರ್. ಒಂದೂವರೆ ತಿಂಗಳಿಂದ ರಾತ್ರಿ ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ಬೆಳಿಗ್ಗೆ ಎದ್ದರೆ ಎದೆ ಡವಡವ. ಊರಿನ ಡಾಕ್ಟರು ರಕ್ತ ಪರೀಕ್ಷೆ, ಥೈರಾಯ್ಡ್, ಇ.ಸಿ.ಜಿ. ಎಲ್ಲ ಮಾಡಿಸಿ ಏನೂ ತೊಂದರೆಯಿಲ್ಲವೆಂದು ಕಳಿಸಿದ್ದರು. "ಮದುವೆ ವಿಚಾರ ಏನಾದರೂ ಮನಸ್ಸಿನಲ್ಲಿದೆಯಾ ಅಂತ ನೀವೇ ಕೇಳಿ ಡಾಕ್ಟ್ರೇ, ನಮ್ಮ ಹತ್ತಿರ ಬಾಯಿಬಿಡ್ತಿಲ್ಲ" ಎಂದರು ತಾಯಿ.

ತಾಯಿಯನ್ನು ಹೊರಗೆ ಕೂರಿಸಿ ಕೇಳಿದೆ. ಮದುವೆಯೂ ಅಲ್ಲ, ಪ್ರೇಮವೂ ಅಲ್ಲ. ಹುಡುಗಿ ಬ್ಯಾಗಿನಿಂದ ದಪ್ಪದೊಂದು ಕಾಗದದ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ನೂರಿಪ್ಪತ್ತು ಪ್ರಶ್ನಾವಳಿಗಳು. ಹಾಸ್ಟೆಲಿನಲ್ಲಿರುವ ಅರವತ್ತು ಪಿ.ಯು.ಸಿ. ಮಕ್ಕಳು, ಮನೆಯಿಂದ ಓಡಾಡುವ ಅರವತ್ತು ಮಕ್ಕಳು. ಇವರಲ್ಲಿ ಯಾರಿಗೆ ಪರೀಕ್ಷೆಯ ಭಯ ಹೆಚ್ಚು ಎಂಬುದು ಅವಳ ಪ್ರಬಂಧದ ವಿಷಯ. ಎರಡು ತಿಂಗಳು ಬಸ್ಸಿನಲ್ಲಿ ಅಲೆದು, ಪ್ರಿನ್ಸಿಪಾಲರ ಕೋಣೆಯ ಮುಂದೆ ಕಾದು, ಮಕ್ಕಳನ್ನು ಒಪ್ಪಿಸಿ ಬರೆಸಿದ ಉತ್ತರಗಳು. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಆ ಮೇಲೆ ಬಂದದ್ದು ಸಂಖ್ಯಾಶಾಸ್ತ್ರ.

"ನನಗೆ ಎಸ್.ಎಸ್.ಎಲ್.ಸಿ. ಆದಮೇಲೆ ಲೆಕ್ಕ ಬಿಟ್ಟುಹೋಗಿದೆ ಸರ್. ಟಿ-ಟೆಸ್ಟ್ ಅಂದರೆ ಕೈ ನಡುಗುತ್ತೆ. ನಮ್ಮ ಸೀನಿಯರ್ಸ್ ಎಲ್ಲ ಕ್ಯಾಂಪಸ್ಸಿನ ಹತ್ತಿರ ಒಂದು ಅಂಗಡಿಗೆ ಕೊಟ್ಟಿದ್ದಾರೆ. ಆರು ಸಾವಿರ ಕೊಟ್ಟರೆ ಅನಾಲಿಸಿಸ್ ಮಾಡಿ, ಟೇಬಲ್ ಹಾಕಿ, ಬೈಂಡಿಂಗೂ ಮಾಡಿಕೊಡ್ತಾರೆ. ರಿಸಲ್ಟ್ ಸಿಗ್ನಿಫಿಕೆಂಟ್ ಬರೋ ಹಾಗೆ ನೋಡ್ಕೊಳ್ತೀವಿ ಅಂತಾನೂ ಹೇಳಿದರು. ಕೊಡಲಾ ಬೇಡವಾ ಗೊತ್ತಾಗ್ತಿಲ್ಲ."

ಓದುಗರೇ, ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ರಕ್ತ ಪರೀಕ್ಷೆಯ ಲ್ಯಾಬಿನವನು "ಸಕ್ಕರೆ ಎಷ್ಟು ಬರಬೇಕು ಹೇಳಿ, ಅಷ್ಟು ಬರುವ ಹಾಗೆ ನೋಡಿಕೊಳ್ಳುತ್ತೇವೆ" ಎಂದರೆ ನೀವು ಅಲ್ಲಿ ಒಂದು ನಿಮಿಷ ನಿಲ್ಲುತ್ತೀರಾ?

ಆರೋಗ್ಯದ ಅಂಕಣದಲ್ಲಿ ಕಾಲೇಜಿನ ಲೆಕ್ಕದ ವಿಷಯವೇಕೆ ಎಂದು ನೀವು ಕೇಳಬಹುದು. ಈ ಹುಡುಗಿ ನಾಳೆ ನಿಮ್ಮ ಮಗನ ಶಾಲೆಯಲ್ಲಿ ಸಲಹೆಗಾರ್ತಿಯಾಗುತ್ತಾಳೆ. ಇಲ್ಲವೇ ಆಸ್ಪತ್ರೆಯಲ್ಲಿ ನಿಮ್ಮ ತಂದೆಯ ನೆನಪಿನ ಶಕ್ತಿಯನ್ನು ಪರೀಕ್ಷಿಸಿ "ಈ ವಯಸ್ಸಿನವರಿಗೆ ಇದು ಸಹಜ" ಅಥವಾ "ಇದು ಸಹಜವಲ್ಲ" ಎಂದು ಹೇಳುತ್ತಾಳೆ. ಆ "ಸಹಜ" ಎಂಬ ಮಾತು ಸರಾಸರಿ ಮತ್ತು ಮಾನಕ ವಿಚಲನೆಯಿಂದ ಹುಟ್ಟಿದ್ದು. ಅದು ಏನೆಂದು ತಿಳಿಯದೆ ಅವಳು ಹೇಳಿದರೆ ಪರಿಣಾಮ ಅನುಭವಿಸುವವರು ನೀವು.

ಮಾನಕ ವಿಚಲನೆ ಎಂದರೆ ಬ್ರಹ್ಮವಿದ್ಯೆಯಲ್ಲ. ಒಂದು ಮನೆಯಲ್ಲಿ ಐದು ಜನ, ಎಲ್ಲರೂ ದಿನಕ್ಕೆ 7 ಗಂಟೆ ಮಲಗುತ್ತಾರೆ. ಪಕ್ಕದ ಮನೆಯಲ್ಲೂ ಐದು ಜನ. ಒಬ್ಬರು 3 ಗಂಟೆ, ಒಬ್ಬರು 5, ಒಬ್ಬರು 7, ಇನ್ನೊಬ್ಬರು 9, ಮತ್ತೊಬ್ಬರು 11. ಎರಡೂ ಮನೆಗಳ ಸರಾಸರಿ 7 ಗಂಟೆ. ಸರಾಸರಿಯನ್ನು ಮಾತ್ರ ನೋಡಿದರೆ ಎರಡೂ ಮನೆ ಒಂದೇ; ಆದರೆ ಡಾಕ್ಟರು ಹೋಗಬೇಕಾದದ್ದು ಎರಡನೆಯ ಮನೆಗೆ. ಜನ ಸರಾಸರಿಯಿಂದ ಎಷ್ಟು ದೂರ ಚದುರಿದ್ದಾರೆ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುವುದು ಮಾನಕ ವಿಚಲನೆ. ಮೊದಲ ಮನೆಗೆ ಅದು ಸೊನ್ನೆ, ಎರಡನೆಯ ಮನೆಗೆ ಸುಮಾರು 3. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ವರ್ಗಮೂಲ: ಇಷ್ಟು ಬಂದರೆ ಎಂ.ಎಸ್ಸಿ.ಯ ಮುಕ್ಕಾಲು ಭಾಗ ಸಂಖ್ಯಾಶಾಸ್ತ್ರ ಬಂದಂತೆ.

ಅನುಭವ ಸಾಲದೇ?

"ಇಪ್ಪತ್ತು ವರ್ಷ ರೋಗಿಗಳನ್ನು ನೋಡಿದ ವೈದ್ಯರಿಗೆ ಅನುಭವವೇ ಸಾಲದೇ, ಲೆಕ್ಕವೇಕೆ?" ಎಂದು ನನ್ನ ಸ್ನೇಹಿತರೊಬ್ಬರು ಕೇಳುತ್ತಿರುತ್ತಾರೆ. ಸಾಲದು. ನನ್ನ ಕಥೆಯನ್ನೇ ಹೇಳುತ್ತೇನೆ. ವೃತ್ತಿಯ ಆರಂಭದಲ್ಲಿ, ಮಾನಸಿಕ ಒತ್ತಡದಿಂದ ತಲೆನೋವು ಬರುವ ಇಪ್ಪತ್ತು ಜನರಿಗೆ ಸ್ನಾಯುಗಳನ್ನು ಸಡಿಲಗೊಳಿಸುವ ವ್ಯಾಯಾಮ ಹೇಳಿಕೊಟ್ಟೆ. ತಿಂಗಳ ನಂತರ ಹದಿನಾರು ಜನ ಕಡಿಮೆಯಾಗಿದೆ ಎಂದರು. ನನಗೆ ಆಕಾಶ ಮೂರೇ ಗೇಣು. ಲೇಖನ ಬರೆದು ಹಿರಿಯ ಪ್ರಾಧ್ಯಾಪಕರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದಿಟ್ಟು ಒಂದೇ ಪ್ರಶ್ನೆ ಕೇಳಿದರು: "ವ್ಯಾಯಾಮ ಹೇಳಿಕೊಡದ ಇಪ್ಪತ್ತು ಜನರಲ್ಲಿ ಎಷ್ಟು ಜನರಿಗೆ ಕಡಿಮೆಯಾಯಿತು?"

ನನ್ನಲ್ಲಿ ಉತ್ತರವಿರಲಿಲ್ಲ. ಅಂಥ ಇಪ್ಪತ್ತು ಜನರನ್ನು ನಾನು ನೋಡಿಯೇ ಇರಲಿಲ್ಲ.

ತಲೆನೋವಿನವರು ಡಾಕ್ಟರ ಬಳಿಗೆ ಯಾವಾಗ ಬರುತ್ತಾರೆ? ನೋವು ತೀರಾ ಹೆಚ್ಚಾದಾಗ. ಏರಿದ ನೋವು ಏನೂ ಮಾಡದಿದ್ದರೂ ಸ್ವಲ್ಪ ದಿನಕ್ಕೆ ತನ್ನ ಮಾಮೂಲು ಮಟ್ಟಕ್ಕೆ ಇಳಿಯುತ್ತದೆ. ಹೀಗೆ ಅತಿಯಾದದ್ದು ಸರಾಸರಿಯ ಕಡೆಗೆ ಮರಳುವುದನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1880ರ ದಶಕದಲ್ಲೇ ತೋರಿಸಿದ್ದ. ತಾಯಿತ ಕಟ್ಟುವವರೂ, ಬೂದಿ ಕೊಡುವವರೂ, ಕೆಲವೊಮ್ಮೆ ನಮ್ಮಂಥ ಡಾಕ್ಟರೂ ಕೀರ್ತಿ ಪಡೆಯುವುದು ಹೀಗೆ ತಾನಾಗಿ ಇಳಿಯುವ ನೋವಿನಿಂದಲೇ. ಇದನ್ನು ಬಿಡಿಸಿ ನೋಡಲು ಇರುವುದು ನಿಯಂತ್ರಣ ಗುಂಪು ಮತ್ತು ಲೆಕ್ಕ. ಗುಣವಾದ ಹದಿನಾರು ಮುಖಗಳು ನನಗೆ ನೆನಪಿದ್ದವು, ಆಗದ ನಾಲ್ಕು ಮರೆತುಹೋಗಿದ್ದವು. ನೆನಪು ಮೋಸಗಾರ, ಅದರಲ್ಲೂ ಯಶಸ್ಸಿನ ನೆನಪು.

ಫಿಲ್ಟರ್ ಕಾಫಿಯ ಪ್ರಯೋಗ

ಹುಡುಗಿಯ ಮುಖ್ಯ ಹೆದರಿಕೆ "ಪಿ" ಎಂಬ ಅಕ್ಷರ. "ಪಿ 0.05ಕ್ಕಿಂತ ಕಡಿಮೆ ಇದ್ದರೆ ಪಾಸು, ಇಲ್ಲದಿದ್ದರೆ ಫೇಲು ಅಂತ ಗೊತ್ತು, ಅದು ಏನು ಅಂತ ಗೊತ್ತಿಲ್ಲ" ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಭಾನುವಾರ ಮನೆಯಲ್ಲೇ ಮಾಡಿ ನೋಡಬಹುದು.

ನಿಮ್ಮ ಮನೆಯಲ್ಲಿ ಒಬ್ಬ ಚಿಕ್ಕಪ್ಪ ಇದ್ದೇ ಇರುತ್ತಾರೆ. "ಒಂದು ಗುಟುಕು ಕುಡಿದರೆ ಸಾಕು, ಚಿಕೋರಿ ಬೆರೆಸಿದೆಯೋ ಇಲ್ಲವೋ ಹೇಳಿಬಿಡ್ತೀನಿ" ಎನ್ನುವವರು. ಅವರ ಕಣ್ಣಿಗೆ ಕಾಣದಂತೆ ಎಂಟು ಪುಟ್ಟ ಲೋಟ ಕಾಫಿ ಸಿದ್ಧಮಾಡಿ. ನಾಲ್ಕರಲ್ಲಿ ಚಿಕೋರಿ, ನಾಲ್ಕರಲ್ಲಿ ಇಲ್ಲ. ಬಣ್ಣ, ಬಿಸಿ, ಸಕ್ಕರೆ ಎಲ್ಲ ಒಂದೇ ಇರಲಿ. ಚೀಟಿ ಎತ್ತಿ ಬಂದ ಕ್ರಮದಲ್ಲಿ ಲೋಟಗಳನ್ನು ಇಡಿ. ನಾಲ್ಕು ಚಿಕೋರಿ, ನಾಲ್ಕು ಅಲ್ಲದ್ದು ಎಂಬುದು ಚಿಕ್ಕಪ್ಪನಿಗೆ ಗೊತ್ತಿರಲಿ. ಯಾವುದು ಎಲ್ಲಿದೆ ಎಂಬುದು ಗೊತ್ತಿರಬಾರದು. (ಸಂಜೆ ಮಾಡಬೇಡಿ, ಅವರ ನಿದ್ರೆ ಕೆಟ್ಟರೆ ನನ್ನ ಬಳಿಗೆ ಕರೆತರುತ್ತೀರಿ.)

ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಸರಿಯಾದದ್ದು ಒಂದೇ. ಚಿಕ್ಕಪ್ಪನಿಗೆ ರುಚಿಯೇ ತಿಳಿಯದೆ ಕುರುಡುಗುರಿಯಲ್ಲಿ ಹೇಳಿದರೆ ನಾಲ್ಕಕ್ಕೆ ನಾಲ್ಕೂ ಸರಿಯಾಗುವ ಸಂಭವ 70ರಲ್ಲಿ ಒಂದು, ಅಂದರೆ ನೂರಕ್ಕೆ ಸುಮಾರು ಒಂದೂವರೆ. ಇದೇ "ಪಿ". ಎಲ್ಲವನ್ನೂ ಸರಿಯಾಗಿ ಹೇಳಿದರೆ ಅವರ ಮಾತನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ನಾಲ್ಕರಲ್ಲಿ ಮೂರು ಸರಿ ಎಂದರೆ? ಕೇಳಲು ಚೆನ್ನಾಗಿದೆ. ಆದರೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವುದು 70ರಲ್ಲಿ 17 ಸಲ ಸುಮ್ಮನೆ ಅದೃಷ್ಟದಿಂದಲೇ ಆಗುತ್ತದೆ. ಅಷ್ಟಕ್ಕೆ ಮೀಸೆ ತಿರುವಬೇಕಾಗಿಲ್ಲ.

ಇದು ನನ್ನ ಪ್ರಯೋಗವಲ್ಲ. ಇಂಗ್ಲೆಂಡಿನ ರೊನಾಲ್ಡ್ ಫಿಶರ್ 1935ರ ತನ್ನ ಪುಸ್ತಕದಲ್ಲಿ ಬರೆದದ್ದು. ಅಲ್ಲಿ ಚಹಾ, ಅಲ್ಲಿ ಒಬ್ಬ ಮಹಿಳೆ, ಹಾಲು ಮೊದಲೋ ಚಹಾ ಮೊದಲೋ ಎಂಬ ಪ್ರಶ್ನೆ. ನಮ್ಮ ಕಡೆಗೆ ಕಾಫಿ ಒಗ್ಗುತ್ತದೆ ಎಂದು ಬದಲಿಸಿದ್ದೇನೆ.

ಈಗ "ಪಿ" ಏನಲ್ಲ ಎಂಬುದನ್ನೂ ಗಮನಿಸಿ. ಚಿಕ್ಕಪ್ಪ ನಿಜ ಹೇಳುತ್ತಿದ್ದಾರೆ ಎಂಬುದರ ಶೇಕಡಾವಾರು ಲೆಕ್ಕ ಅದಲ್ಲ. ರುಚಿ ತಿಳಿಯದವರೂ ಇಷ್ಟು ಚೆನ್ನಾಗಿ ಹೇಳಿಬಿಡುವ ಸಂಭವ ಎಷ್ಟು ಎಂಬುದಷ್ಟೇ. ಈ ಎರಡನ್ನೂ ಒಂದೇ ಎಂದು ತಿಳಿಯುವ ತಪ್ಪು ಎಷ್ಟು ಹರಡಿದೆಯೆಂದರೆ, ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2016ರಲ್ಲಿ ಇದಕ್ಕಾಗಿಯೇ ಒಂದು ಹೇಳಿಕೆ ಹೊರಡಿಸಬೇಕಾಯಿತು. ಪ್ರಾಧ್ಯಾಪಕರೇ ಎಡವುವ ಜಾಗದಲ್ಲಿ ಇಪ್ಪತ್ಮೂರರ ಹುಡುಗಿ ಹೆದರಿದರೆ ಅವಳನ್ನು ದಡ್ಡಿ ಎನ್ನಬೇಡಿ.

ನಿದ್ರೆಯ ಲೆಕ್ಕ

ಟಿ-ಟೆಸ್ಟಿನ ವಿಷಯಕ್ಕೆ ಬಂದಾಗ ನನಗೆ ನಗು ಬಂತು. ನಿದ್ರೆಯಿಲ್ಲದ ಈ ಹುಡುಗಿಯ ನಿದ್ರೆ ಕೆಡಿಸಿದ ಟಿ-ಟೆಸ್ಟ್ ಹುಟ್ಟಿದ ಲೇಖನದಲ್ಲಿ ಉದಾಹರಣೆಯಾಗಿ ಇದ್ದದ್ದೇ ನಿದ್ರೆಯ ಅಂಕಿಗಳು! ಅದೂ ಮಾನಸಿಕ ರೋಗಿಗಳ ನಿದ್ರೆ.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನ ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ಬೇರೆಬೇರೆ ನಿದ್ರೆ ಔಷಧಿ ಕೊಟ್ಟು, ಔಷಧಿಯಿಲ್ಲದ ರಾತ್ರಿಗಳಿಗಿಂತ ಎಷ್ಟು ಗಂಟೆ ಹೆಚ್ಚು ಮಲಗಿದರು ಎಂದು ಬರೆದಿಟ್ಟಿದ್ದರು. ಕಶ್ನಿ ಮತ್ತು ಪೀಬಲ್ಸ್ ಎಂಬುವರು 1905ರಲ್ಲಿ ಅದನ್ನು ಪ್ರಕಟಿಸಿದರು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 1908ರಲ್ಲಿ "ಸ್ಟೂಡೆಂಟ್" ಎಂಬ ಗುಪ್ತನಾಮದಲ್ಲಿ ಬರೆದ ಲೇಖನಕ್ಕೆ ಆ ಅಂಕಿಗಳನ್ನೇ ಬಳಸಿಕೊಂಡ. ಹತ್ತು ರೋಗಿಗಳು, ಎರಡು ಔಷಧಿ. ಪ್ರತಿಯೊಬ್ಬರಿಗೂ ಎರಡನ್ನೂ ಬೇರೆಬೇರೆ ರಾತ್ರಿ ಕೊಟ್ಟದ್ದು.

ಮೊದಲ ಔಷಧಿಗೆ ಸರಾಸರಿ 0.75 ಗಂಟೆ ಹೆಚ್ಚು ನಿದ್ರೆ. ಎರಡನೆಯದಕ್ಕೆ 2.33 ಗಂಟೆ. ಒಬ್ಬೊಬ್ಬ ರೋಗಿಗೂ ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಸಿಗುವ ಅಂಕಿಗಳು ಇವು: 1.2, 2.4, 1.3, 1.3, 0, 1.0, 1.8, 0.8, 4.6, 1.4. ಪೆನ್ಸಿಲ್ ಹಿಡಿದು ನೀವೂ ಕೂಡಿನೋಡಿ, 15.8 ಬರುತ್ತದೆ. ಹತ್ತರಿಂದ ಭಾಗಿಸಿದರೆ 1.58 ಗಂಟೆ. ಈ ಹತ್ತು ಅಂಕಿಗಳ ಮಾನಕ ವಿಚಲನೆ 1.23. ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.39. ಕೊನೆಗೆ 1.58ನ್ನು 0.39ರಿಂದ ಭಾಗಿಸಿದರೆ ಸುಮಾರು 4.06. ಇದೇ "ಟಿ". ಹತ್ತು ರೋಗಿಗಳಿಗೆ ಈ ಅಂಕಿ 2.26 ದಾಟಿದರೆ ಸಾಕು, ಅದೃಷ್ಟದ ಆಟವೆಂದು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಇಲ್ಲಿ ಅದು ಬಹಳ ಮುಂದಿದೆ. ಎರಡನೆಯ ಔಷಧಿ ಮೇಲು.

ಇಷ್ಟನ್ನು ಹುಡುಗಿ ನನ್ನ ಮೇಜಿನ ಮೇಲೆಯೇ ಚೀಟಿಯ ಹಿಂಬದಿಯಲ್ಲಿ ಮಾಡಿದಳು. ಇಪ್ಪತ್ತು ನಿಮಿಷ ಹಿಡಿಯಿತು.

ಈಗ ಅಂಗಡಿಯ ವಿಷಯಕ್ಕೆ ಬರೋಣ. ಇದೇ ಇಪ್ಪತ್ತು ಅಂಕಿಗಳನ್ನು ಅಂಗಡಿಯ ಹುಡುಗ ಕಂಪ್ಯೂಟರಿಗೆ ಹಾಕುತ್ತಾನೆ. ಒಬ್ಬನೇ ರೋಗಿ ಎರಡೂ ಔಷಧಿ ತೆಗೆದುಕೊಂಡ ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಹತ್ತು ಜನ ಒಂದು ಗುಂಪು, ಬೇರೆ ಹತ್ತು ಜನ ಇನ್ನೊಂದು ಗುಂಪು ಎಂದುಕೊಂಡು ಪಕ್ಕದ ಬಟನ್ ಒತ್ತುತ್ತಾನೆ. ಆಗ ಟಿ ಬರುವುದು 4.06 ಅಲ್ಲ, 1.86. ಪಿ ಸುಮಾರು 0.08. "ಎರಡು ಔಷಧಿಗಳ ನಡುವೆ ಗಣನೀಯ ವ್ಯತ್ಯಾಸವಿಲ್ಲ" ಎಂದು ಟೇಬಲ್ ಹಾಕಿ ಬೈಂಡ್ ಮಾಡಿ ಕೊಡುತ್ತಾನೆ. ಅಂಕಿ ಒಂದೇ, ಯಂತ್ರ ಒಂದೇ, ತೀರ್ಮಾನ ತಿರುಗಿಬಿತ್ತು. ಹತ್ತು ರೋಗಿಗಳಲ್ಲಿ ಒಂಬತ್ತು ಜನ ಹೆಚ್ಚು ಮಲಗಿದ್ದರು, ಒಬ್ಬರಿಗೆ ಸಮಸಮ, ಯಾರಿಗೂ ಕಡಿಮೆಯಾಗಿರಲಿಲ್ಲ. ಅದನ್ನು ಯಂತ್ರ ಹೇಳಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದು ಕೇಳಿದ್ದಕ್ಕೆಲ್ಲ ಸೊಗಸಾದ ಭಾಷೆಯಲ್ಲಿ ಉತ್ತರ ಕೊಡುತ್ತಿವೆ. ತಪ್ಪಾಗಿ ಕೇಳಿದರೆ ಸೊಗಸಾದ ತಪ್ಪು ಸಿಗುತ್ತದೆ.

ಇನ್ನೊಂದು ವಿಷಯ ನಿಮಗೆ ಸಮಾಧಾನ ತರಬಹುದು. ಗಾಸೆಟ್ ಮಹಾಶಯನೂ ಆ ಲೇಖನದಲ್ಲಿ ಔಷಧಿಗಳ ಹೆಸರನ್ನು ತಪ್ಪಾಗಿ ಬರೆದಿದ್ದ. ಲೆಕ್ಕ ಸರಿ, ಹೆಸರು ತಪ್ಪು. ಪುಣ್ಯಕ್ಕೆ ಅದನ್ನು ಓದಿ ಯಾರೂ ಔಷಧಿ ಬರೆದುಕೊಡಲಿಲ್ಲ ಎಂದುಕೊಂಡಿದ್ದೇನೆ.

ಪರೀಕ್ಷಕನಾಗಿ ನಾನು ಕಂಡದ್ದನ್ನೂ ಒಂದಿಷ್ಟು ಹೇಳಬೇಕು. ಒಂದು ಪ್ರಬಂಧದಲ್ಲಿ ನಲವತ್ತು ಜನರ ಖಿನ್ನತೆಯ ಅಂಕಗಳ ಸರಾಸರಿ 16 ದಾಟಿತ್ತು. ಅಳತೆಯ ಗರಿಷ್ಠ ಅಂಕವೇ 30. ಸಾಮಾನ್ಯ ಕಾಲೇಜಿನ ಮಕ್ಕಳಲ್ಲಿ ಇಷ್ಟೊಂದೇ ಎಂದು ಗಾಬರಿಯಾಗಿ ಮೂಲ ಹಾಳೆ ತರಿಸಿದೆ. ಉತ್ತರಿಸದೆ ಬಿಟ್ಟವರಿಗೆ ಗುರುತಾಗಿ 99 ಎಂದು ಹಾಕುವುದು ವಾಡಿಕೆ. ಅಂಥ ಇಬ್ಬರ 99ನ್ನೂ ಯಂತ್ರ ನಿಜವಾದ ಅಂಕವೆಂದೇ ಕೂಡಿಕೊಂಡಿತ್ತು. ಅವರಿಬ್ಬರನ್ನು ಬಿಟ್ಟರೆ ಸರಾಸರಿ 12. ಪ್ರಬಂಧದಲ್ಲಿ ಮಾತ್ರ "ಯುವಜನರಲ್ಲಿ ಖಿನ್ನತೆ ಆತಂಕಕಾರಿ ಮಟ್ಟದಲ್ಲಿದೆ" ಎಂದು ಎರಡು ಪುಟ ಬರೆದಿತ್ತು. ಬರೆದ ವಿದ್ಯಾರ್ಥಿಯನ್ನು ಕೇಳಿದರೆ "ಅದು ಅಂಗಡಿಯವರು ಕೊಟ್ಟಿದ್ದು ಸರ್" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಹಿ ಹಾಕಿದ ಮಾರ್ಗದರ್ಶಕರ ಮೇಲೆ ಬಂತು.

ಇನ್ನೊಂದು ಮಾಮೂಲು ತಪ್ಪು ತಿರುಗಿಸಿ ಎಣಿಸಬೇಕಾದ ಪ್ರಶ್ನೆಗಳದ್ದು. "ನನಗೆ ಚಿಂತೆ ಹೆಚ್ಚು" ಎಂಬುದಕ್ಕೆ ನಾಲ್ಕು ಅಂಕವೆಂದರೆ ಕಷ್ಟ. "ನಾನು ನೆಮ್ಮದಿಯಾಗಿದ್ದೇನೆ" ಎಂಬುದಕ್ಕೆ ನಾಲ್ಕು ಅಂಕವೆಂದರೆ ಸುಖ. ಎರಡನೆಯದನ್ನು ತಿರುಗಿಸದೆ ಎರಡನ್ನೂ ಕೂಡಿದರೆ ಸುಖ ದುಃಖ ಒಂದನ್ನೊಂದು ನುಂಗಿಹಾಕುತ್ತವೆ. ಪ್ರಶ್ನಾವಳಿಯನ್ನು ತಾನೇ ಓದಿದವರಿಗೆ ಇದು ಹೊಳೆಯುತ್ತದೆ, ಅಂಗಡಿಯವನಿಗೆ ಹೊಳೆಯುವುದಿಲ್ಲ.

"ಬರೋ ಹಾಗೆ ನೋಡ್ಕೊಳ್ತೀವಿ" ಎಂಬ ಮಾತು ಇದಕ್ಕಿಂತ ಅಪಾಯದ್ದು. ಬರುವ ಹಾಗೆ ಮಾಡುವುದು ಹೇಗೆ? ಸುಳ್ಳು ಅಂಕಿ ಬರೆಯಬೇಕೆಂದೇನೂ ಇಲ್ಲ. ಹುಡುಗರನ್ನು ಬೇರೆ, ಹುಡುಗಿಯರನ್ನು ಬೇರೆ ಮಾಡು. ವಿಜ್ಞಾನದವರನ್ನು ಬೇರೆ, ವಾಣಿಜ್ಯದವರನ್ನು ಬೇರೆ ಮಾಡು. ಒಪ್ಪದ ನಾಲ್ಕು ಜನರನ್ನು ಕೈಬಿಡು. ಹೀಗೆ ಇಪ್ಪತ್ತು ಬಗೆಯಲ್ಲಿ ಹುಡುಕು. ಯಾವ ವ್ಯತ್ಯಾಸವೂ ಇಲ್ಲದ ಕಡೆ ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೂ ಒಂದಾದರೂ "ಸಿಗ್ನಿಫಿಕೆಂಟ್" ಎಂದು ಬರುವ ಸಂಭವ ನೂರಕ್ಕೆ 64. ಬಂದದ್ದನ್ನು ಬರೆದು, ಬಾರದ ಹತ್ತೊಂಬತ್ತನ್ನು ಮುಚ್ಚಿಟ್ಟರೆ ಕೆಲಸ ಮುಗಿಯಿತು.

ಈ ಚಟ ನಮ್ಮ ಅಂಗಡಿಗಳದ್ದು ಮಾತ್ರವಲ್ಲ. 2011ರಲ್ಲಿ ಅಮೆರಿಕದ ಮೂವರು ಸಂಶೋಧಕರಾದ ಸಿಮನ್ಸ್, ನೆಲ್ಸನ್ ಮತ್ತು ಸೈಮನ್ಸನ್ ಇದನ್ನು ಬಯಲಿಗೆಳೆಯಲು ಬೇಕೆಂದೇ ಒಂದು ತಮಾಷೆ ಮಾಡಿದರು. ವಿದ್ಯಾರ್ಥಿಗಳಿಗೆ ಬೀಟಲ್ಸ್ ತಂಡದ ಹಾಡೊಂದನ್ನು ಕೇಳಿಸಿ, ಅದನ್ನು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತು ಎಂದು "ಸಿಗ್ನಿಫಿಕೆಂಟ್" ಆಗಿ ತೋರಿಸಿದರು! ಒಂದೂ ಸುಳ್ಳು ಅಂಕಿಯಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಸ್ವಾತಂತ್ರ್ಯ ಮಾತ್ರ. ಇಂಥ ನಾಲ್ಕು ಸ್ವಾತಂತ್ರ್ಯ ಒಟ್ಟಿಗೆ ಸೇರಿದರೆ ನೂರಕ್ಕೆ 5 ಇರಬೇಕಾದ ತಪ್ಪು 60 ದಾಟುತ್ತದೆ ಎಂದು ಅವರು ಲೆಕ್ಕ ಹಾಕಿದರು. 2015ರಲ್ಲಿ ನೂರಾರು ಸಂಶೋಧಕರು ಸೇರಿ, ಹೆಸರಾಂತ ಪತ್ರಿಕೆಗಳಲ್ಲಿ ಬಂದ ಮನಶ್ಶಾಸ್ತ್ರದ 100 ಪ್ರಯೋಗಗಳನ್ನು ಮತ್ತೆ ಮಾಡಿನೋಡಿದರು. ಮೂಲದಲ್ಲಿ ನೂರಕ್ಕೆ 97 "ಸಿಗ್ನಿಫಿಕೆಂಟ್" ಆಗಿದ್ದವು. ಎರಡನೆಯ ಸಲ ಹಾಗಾದದ್ದು ನೂರಕ್ಕೆ 36.

ಇದನ್ನು ಕೇಳಿ ಮನಶ್ಶಾಸ್ತ್ರವೇ ಬುರುಡೆ ಎಂದು ನೀವು ತೀರ್ಮಾನಿಸಬಾರದು. ತನ್ನ ಹುಳುಕನ್ನು ತಾನೇ ಎಣಿಸಿ ಸಾರ್ವಜನಿಕವಾಗಿ ಅಚ್ಚುಹಾಕಿದ ಶಾಸ್ತ್ರದ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಎಷ್ಟು ಶಾಸ್ತ್ರಗಳು ಹಾಗೆ ಮಾಡಿವೆ?

ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸದೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. ಇಂದಿಗೂ ಎಂ.ಎಸ್ಸಿ. ಮಕ್ಕಳು ಬೈದುಕೊಂಡು ಬಾಯಿಪಾಠ ಮಾಡುವ ಶ್ರೇಣಿ ಸಹಸಂಬಂಧದ ಸೂತ್ರಕ್ಕೆ ಇರುವುದು ಅದೇ ಸ್ಪಿಯರ್‌ಮನ್ ಹೆಸರು. (1935ರಲ್ಲಿ ಮೈಸೂರಿನಲ್ಲಿ "ಆಕಾಶವಾಣಿ" ಎಂಬ ಹೆಸರಿನಲ್ಲಿ ರೇಡಿಯೋ ಕೇಂದ್ರ ಆರಂಭಿಸಿದವರೂ ಈ ಗೋಪಾಲಸ್ವಾಮಿಯವರೇ.) ಇನ್ನು ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲೊಬ್ಬರಾದ, 2023ರಲ್ಲಿ ತೀರಿಕೊಂಡ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ಮಲ್ಲಿಗೆಗೆ ಹೆಸರಾದ ಊರು ಇದಕ್ಕೂ ಹೆಸರಾಗಬಹುದಿತ್ತು.

ಹಾಗಾದರೆ ನಮ್ಮ ಮಕ್ಕಳಿಗೇಕೆ ಈ ಭಯ? ಕಲಿಸುವ ರೀತಿಯೇ ಕಾರಣವೆಂದು ನನ್ನ ಅಭಿಪ್ರಾಯ. ಕಪ್ಪುಹಲಗೆಯ ಮೇಲೆ ಸೂತ್ರ ಬರೆದು, ಪುಸ್ತಕದ ಅಂಕಿ ಹಾಕಿ, ಉತ್ತರ ತೆಗೆದು, ಗಂಟೆ ಹೊಡೆದರೆ ಪಾಠ ಮುಗಿಯಿತು. ಆ ಅಂಕಿಗಳ ಹಿಂದೆ ಮನುಷ್ಯರಿದ್ದಾರೆಂದು ಮಗುವಿಗೆ ತಿಳಿಯುವುದೇ ಇಲ್ಲ. ಸಂಖ್ಯಾಶಾಸ್ತ್ರದ ಭಯ ಎಷ್ಟು ಸಾಮಾನ್ಯವೆಂದರೆ ಅದನ್ನು ಅಳೆಯಲು 1985ರಲ್ಲೇ ಒಂದು ಪ್ರತ್ಯೇಕ ಪ್ರಶ್ನಾವಳಿ ತಯಾರಾಗಿದೆ. ಭಯ ಬಂದಾಗ ಮನಸ್ಸು ಒಂದು ಕೈಯಲ್ಲಿ ಭಯವನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಲೆಕ್ಕ ಮಾಡಬೇಕಾಗುತ್ತದೆ. ತಪ್ಪಾಗದೆ ಇನ್ನೇನು? ತಪ್ಪಾದಾಗ "ನನಗೆ ತಲೆಯಿಲ್ಲ" ಎಂಬ ಭಾವನೆ, ಅದರಿಂದ ಇನ್ನಷ್ಟು ಭಯ.

ವಿಶ್ವವಿದ್ಯಾಲಯದವರು ನನ್ನ ಮಾತು ಕೇಳುವುದಾದರೆ ಒಂದೇ ಸಲಹೆ. ಮೊದಲ ಸೆಮಿಸ್ಟರಿನಲ್ಲೇ ಪ್ರತಿ ವಿದ್ಯಾರ್ಥಿಯೂ ಹತ್ತು ಜನರಿಂದ ತಾನೇ ಅಂಕಿ ತಂದು, ಚಿತ್ರ ಬರೆದು, ಕೈಯಲ್ಲೇ ಲೆಕ್ಕ ಮಾಡಲಿ. ಆಮೇಲೆ ಕಂಪ್ಯೂಟರಿನಲ್ಲಿ ಹಾಕಿ ಎರಡೂ ಒಂದೇ ಬಂತೇ ನೋಡಲಿ. ದುಬಾರಿ ಪ್ಯಾಕೇಜ್ ಬೇಕಿಲ್ಲ; "ಆರ್" ಎಂಬುದು ಪೂರ್ತಿ ಉಚಿತ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ "ಜಾಸ್ಪ್" ಕೂಡ ಉಚಿತ. ಕಲಮಜೂ ರೋಗಿಗಳ ನಿದ್ರೆಯ ಅಂಕಿಗಳು "ಆರ್"ನೊಳಗೆ ಸಿದ್ಧವಾಗಿಯೇ ಇವೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಪುಟ ಎಣಿಸುವ ಬದಲು "ಈ ಪರೀಕ್ಷೆಯನ್ನೇ ಏಕೆ ಆರಿಸಿದೆ?" ಎಂದು ಒಂದು ಪ್ರಶ್ನೆ ಕೇಳಲಿ. ಅಂಗಡಿಗಳು ತಾವಾಗಿಯೇ ಜೆರಾಕ್ಸಿಗೆ ಮರಳುತ್ತವೆ.

ಮನೆಯವರಿಗೂ ಒಂದು ಮಾತು. "ಆರು ಸಾವಿರ ತಾನೇ, ಬಿಸಾಕು, ಮುಗಿದುಹೋಗಲಿ" ಎಂದು ಪ್ರೀತಿಯಿಂದಲೇ ಹೇಳುವ ತಂದೆತಾಯಿಗಳನ್ನು ನಾನು ಬಲ್ಲೆ. ಹಾಗೆ ಹೇಳಿದಾಗ ಮಗುವಿಗೆ ಕೇಳಿಸುವುದು "ಇದು ನಿನ್ನ ಕೈಲಿ ಆಗುವುದಿಲ್ಲ" ಎಂದು. ಅದರ ಬದಲು ಸಂಜೆ ಒಂದು ಗಂಟೆ ಮನೆಗೆಲಸದಿಂದ ಬಿಡುವು ಕೊಡಿ, ಟಿ.ವಿ. ಸದ್ದು ತಗ್ಗಿಸಿ. ಇನ್ನು ನೀವು ಪತ್ರಿಕೆ ಓದುವಾಗಲೂ ಅಂಕಿ ಕಂಡರೆ ಎಲ್ಲಿಯದು, ಯಾರದು ಎಂದು ಕೇಳುವ ಅಭ್ಯಾಸವಿರಲಿ. ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಮಾನಸಿಕ ಕಾಯಿಲೆ ಇದೆ ಎಂಬುದು ನೀವು ಆಗಾಗ ಓದುವ ಅಂಕಿ. ಅದು 2015–16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯದು. ಬಹಳ ಎಚ್ಚರದಿಂದ ಮಾಡಿದ ಕೆಲಸ. ಆದರೆ ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಪೂರ್ವಭಾವಿ ಪ್ರಯೋಗ ಮಾತ್ರ ನಮ್ಮ ಕೋಲಾರದಲ್ಲಿ ನಡೆದಿತ್ತು. "ಕರ್ನಾಟಕದಲ್ಲಿ ಶೇಕಡಾ 10.6" ಎಂದು ಯಾರಾದರೂ ಭಾಷಣ ಮಾಡಿದರೆ ನೀವು ಎದ್ದುನಿಂತು ಕೇಳಬಹುದು.

ಹುಡುಗಿಗೆ ನಾನು ನಿದ್ರೆ ಮಾತ್ರೆ ಬರೆಯಲಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ರಾತ್ರಿ ಹತ್ತರ ಮೇಲೆ ಪ್ರಬಂಧ ಮುಟ್ಟಬೇಡ, ದಿನಕ್ಕೆ ಮೂವತ್ತು ಪ್ರಶ್ನಾವಳಿಗಿಂತ ಹೆಚ್ಚು ಕಂಪ್ಯೂಟರಿಗೆ ಹಾಕಬೇಡ ಎಂದೆ. ಹಾಕಿದ್ದನ್ನು ತಂಗಿ ಗಟ್ಟಿಯಾಗಿ ಓದಲಿ, ನೀನು ಹಾಳೆ ನೋಡಿ ತಾಳೆಮಾಡು ಎಂದೆ. ಎರಡನೆಯ ವಾರಕ್ಕೆ ಬಂದಾಗ ನಿದ್ರೆ ಆರು ಗಂಟೆಗೆ ಏರಿತ್ತು. ಇದರಲ್ಲಿ ನನ್ನ ಸಲಹೆಯ ಪಾಲೆಷ್ಟು, ತಾನಾಗಿ ಇಳಿಯುವ ಭಯದ ಪಾಲೆಷ್ಟು ಎಂದು ಹೇಳಲಾರೆ, ನಿಯಂತ್ರಣ ಗುಂಪು ಇಲ್ಲ.

ಕಳೆದ ವಾರ ಅವಳ ಫೋನ್ ಬಂತು. "ಲೆಕ್ಕ ಮುಗೀತು ಸರ್. ಕೈಲೂ ಮಾಡಿದೆ, ಕಂಪ್ಯೂಟರಲ್ಲೂ ಮಾಡಿದೆ, ಎರಡೂ ಒಂದೇ ಬಂತು. ಆದರೆ ಹಾಸ್ಟೆಲ್ ಮಕ್ಕಳಿಗೂ ಮನೆಯಿಂದ ಬರೋ ಮಕ್ಕಳಿಗೂ ವ್ಯತ್ಯಾಸವೇ ಕಾಣ್ತಿಲ್ಲ. ಗೈಡ್ ಇನ್ನೊಂದು ಸಲ ನೋಡು ಅಂತಿದಾರೆ. ಏನು ಮಾಡಲಿ?"

"ನೀನು ಏನು ನೋಡಿದೆಯೋ ಅದನ್ನೇ ಬರಿ" ಎಂದೆ. "ಎಷ್ಟು ಮಕ್ಕಳನ್ನು ಕೇಳಿದೆ, ಎಷ್ಟು ಸಣ್ಣ ವ್ಯತ್ಯಾಸವಾಗಿದ್ದರೆ ನಿನ್ನ ಕಣ್ಣು ತಪ್ಪಿಸಿಕೊಂಡು ಹೋಗಬಹುದಿತ್ತು ಎಂಬುದನ್ನೂ ಬರಿ."

"ಹಾಗೇ ಬರೀತೀನಿ ಸರ್" ಎಂದಳು. ಸ್ವಲ್ಪ ತಡೆದು, "ಸರ್, ಆ ಕಲಮಜೂ ಒಂಬತ್ತನೇ ರೋಗಿ ಇದಾನಲ್ಲ, 4.6 ಗಂಟೆ ಹೆಚ್ಚು ಮಲಗಿದವನು. ಅವನನ್ನು ಬಿಟ್ಟು ಲೆಕ್ಕ ಮಾಡಿದೆ. ಆಗಲೂ ಸರಾಸರಿ 1.24 ಗಂಟೆ ಬರುತ್ತೆ, ಗೊತ್ತಾ?" ಎಂದಳು.

ನನಗೆ ಗೊತ್ತಿರಲಿಲ್ಲ. ಫೋನಿಟ್ಟ ಮೇಲೆ ಪೆನ್ಸಿಲ್ ಹಿಡಿದು ಮಾಡಿನೋಡಿದೆ. ಸರಿಯಿದೆ.